ಮಹಡಿಗಳ ಲೆಕ್ಕ, ಮನುಷ್ಯರ ಲೆಕ್ಕ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬುದು ನಮ್ಮ ಹಿರಿಯರ ಅನುಭವದ ಮಾತು. ಊರಿನಲ್ಲಿ ಮನೆ ಕಟ್ಟಿಸುವವನಿಗೆ ಗೋಡೆ ಏರಿಸಿದ ಗೌಂಡಿಯ ಹೆಸರು ಗೊತ್ತಿರುತ್ತಿತ್ತು. ಗೃಹಪ್ರವೇಶದ ದಿನ ಗೌಂಡಿಗೂ ಬಡಗಿಗೂ ವಸ್ತ್ರ ತಾಂಬೂಲ ಕೊಟ್ಟ ಮೇಲೆಯೇ ಯಜಮಾನನಿಗೆ ಸಮಾಧಾನ. ಉದ್ಯೋಗ ನಿಮಿತ್ತ ಮುಂಬಯಿಗೆ ಬಂದು ನೆಲೆಸಿದ ನಾವು ಮನೆಯನ್ನು ಕಟ್ಟಿಸುವುದಿಲ್ಲ, ಕೊಳ್ಳುತ್ತೇವೆ. ಚದರಡಿಯ ದರವನ್ನೂ ಸಾಲದ ಬಡ್ಡಿಯನ್ನೂ ರೈಲ್ವೆ ನಿಲ್ದಾಣದ ದೂರವನ್ನೂ ವಿಚಾರಿಸುತ್ತೇವೆ. ಇಪ್ಪತ್ತನೆಯ ಮಹಡಿಯ ಅಂಚಿನಲ್ಲಿ ನಿಂತು ನಮ್ಮ ಮನೆಗೆ ಕಬ್ಬಿಣ ಕಟ್ಟಿದವನ ಮೈಗೆ ಸುರಕ್ಷಾ ಪಟ್ಟಿ ಇತ್ತೇ ಎಂದು ಮಾತ್ರ ವಿಚಾರಿಸುವುದಿಲ್ಲ. ಇದನ್ನು ವಿಚಾರಿಸುವ ಹೊಣೆ ಯಾರದು?

ಈ ಪ್ರಶ್ನೆ ಅಕಾರಣವಾಗಿ ಹುಟ್ಟಿದ್ದಲ್ಲ. 2019ರ ಜೂನ್ 29ರಂದು ಪುಣೆಯ ಕೋಂಢ್ವಾದಲ್ಲಿ ವಸತಿ ಸಂಕೀರ್ಣವೊಂದರ ಆವರಣ ಗೋಡೆ ಪಕ್ಕದ ಕಾರ್ಮಿಕರ ತಗಡಿನ ಗುಡಿಸಲುಗಳ ಮೇಲೆ ಕುಸಿದು 15 ಮಂದಿ ಸತ್ತರು. 2023ರ ಸೆಪ್ಟೆಂಬರ್ 10ರಂದು ಠಾಣೆಯ ಬಾಳಕುಮ್‌ನಲ್ಲಿ 40 ಅಂತಸ್ತಿನ ಕಟ್ಟಡವೊಂದರ ಲಿಫ್ಟು ಕಳಚಿ ಬಿದ್ದು ಏಳು ಕೆಲಸಗಾರರು ಪ್ರಾಣ ಕಳೆದುಕೊಂಡರು. ಇಂತಹವು ಪತ್ರಿಕೆಯ ಮೊದಲ ಪುಟಕ್ಕೆ ಬರುತ್ತವೆ. ಒಬ್ಬೊಬ್ಬರಾಗಿ ಸಾರುವೆಯಿಂದ ಜಾರಿ ಬೀಳುವವರು ಒಳಪುಟದ ನಾಲ್ಕು ಸಾಲುಗಳಲ್ಲಿ ಮುಗಿದುಹೋಗುತ್ತಾರೆ.

ಇವೆಲ್ಲ ವಿಧಿಯ ಆಟವೆಂದು ಕೈಚೆಲ್ಲುವುದು ಸುಲಭ. ಆದರೆ ವಾಣಿಜ್ಯಶಾಸ್ತ್ರ ಓದಿದವನಿಗೆ ಇದರ ಹಿಂದೆ ವಿಧಿಗಿಂತ ಹೆಚ್ಚಾಗಿ ಲೆಕ್ಕವೇ ಕಾಣುತ್ತದೆ. ಮಹಾನಗರದ ಕಟ್ಟಡವನ್ನು ಅದರ ಫಲಕದ ಮೇಲೆ ಹೆಸರಿರುವ ಬಿಲ್ಡರನು ಸ್ವತಃ ಕಟ್ಟುವುದು ಅಪರೂಪ. ಅವನು ಮುಖ್ಯ ಗುತ್ತಿಗೆದಾರನಿಗೆ ವಹಿಸುತ್ತಾನೆ. ಆತ ಸೆಂಟ್ರಿಂಗ್, ಗಾರೆ, ಬಣ್ಣ, ಲಿಫ್ಟು, ಕಲ್ಲುಹಾಸು ಇವುಗಳನ್ನು ಬೇರೆ ಬೇರೆ ಉಪಗುತ್ತಿಗೆದಾರರಿಗೆ ಹಂಚುತ್ತಾನೆ. ಅವರು ಮುಕಾದಮನನ್ನು ಹಿಡಿಯುತ್ತಾರೆ. ಮುಕಾದಮನು ಹಳ್ಳಿಯಿಂದಲೋ ನಾಕಾದಿಂದಲೋ ಜನರನ್ನು ತರುತ್ತಾನೆ. ಉದಾಹರಣೆಗೆ, ನೂರು ರೂಪಾಯಿಯ ಕೆಲಸದಲ್ಲಿ ಪ್ರತಿಯೊಂದು ಕೈಯೂ ಹತ್ತನೆಯ ಒಂದು ಪಾಲನ್ನು ಇಟ್ಟುಕೊಂಡರೆ ಮೂರು ಕೈ ದಾಟುವಷ್ಟರಲ್ಲಿ ಉಳಿಯುವುದು ಸುಮಾರು 73 ರೂಪಾಯಿ. ಅಷ್ಟರಲ್ಲೇ ಕೆಲಸವಾಗಬೇಕಾದರೆ ಎಲ್ಲಿಯೋ ಕಡಿತ ಮಾಡಲೇಬೇಕು.

ಎಲ್ಲಿ ಕಡಿತ ಮಾಡುವುದು? ಕಾಂಕ್ರೀಟಿನ ಘನಗಳನ್ನು ಏಳನೆಯ ದಿನವೂ 28ನೆಯ ದಿನವೂ ಯಂತ್ರದಲ್ಲಿ ಒತ್ತಿ ಪರೀಕ್ಷಿಸುತ್ತಾರೆ. ಉಕ್ಕಿಗೆ ಪರೀಕ್ಷಾ ಪತ್ರ ಬೇಕು. ಅಲ್ಲಿ ಕೈಯಾಡಿಸಿದರೆ ಸಿಕ್ಕಿಬೀಳುವ ಭಯವಿದೆ. ಆದುದರಿಂದ ಕತ್ತರಿ ಬೀಳುವುದು ಅಂಚಿನ ಕಟಕಟೆಗೆ, ಬಲೆಗೆ, ಸುರಕ್ಷಾ ಪಟ್ಟಿಗೆ, ಕುಡಿಯುವ ನೀರಿಗೆ, ಶೌಚಗೃಹಕ್ಕೆ. ಕಾಂಕ್ರೀಟಿಗಿರುವ ಪರೀಕ್ಷೆ ಅದನ್ನು ಹೊತ್ತವನ ಹಗ್ಗಕ್ಕಿಲ್ಲ.

ಬಿಲ್ಲಿನ ಪಾವತಿಯ ವಿಳಂಬವೂ ಅಷ್ಟೇ ಕ್ರೂರವಾದುದು. ಮೇಲಿನವನು ತಿಂಗಳುಗಟ್ಟಲೆ ಹಣ ತಡೆದರೆ ಕೆಳಗಿನವನು ಸಾಲ ಮಾಡುತ್ತಾನೆ. ಕೊನೆಯವನಿಗೆ ವಾರಕ್ಕಿಷ್ಟು ‘ಖರ್ಚಿ’ ಕೊಟ್ಟು ಉಳಿದ ಕೂಲಿಯನ್ನು ಬಾಕಿ ಇಡುತ್ತಾನೆ. ಬಾಕಿ ಇರುವಾಗ ಕೆಲಸಗಾರನು, ಸಾರುವೆ ಅಲುಗುವುದನ್ನು ಕಣ್ಣಾರೆ ಕಂಡರೂ ಸ್ಥಳ ಬಿಟ್ಟು ಹೋಗಲಾರ. ಹೀಗೆ ಸಕಾಲದಲ್ಲಿ ಬಿಲ್ಲು ಪಾವತಿ ಮಾಡುವುದೂ ಸುರಕ್ಷತೆಯ ಒಂದು ಅಂಗವೇ ಆಗಿದೆ.

ಬೀಳುವಿಕೆಯೊಂದೇ ಅಪಾಯವಲ್ಲ. ಗ್ರಾನೈಟ್ ಕತ್ತರಿಸುವಾಗ, ಗೋಡೆ ಉಜ್ಜುವಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶದಲ್ಲಿ ನೆಲೆಸಿ ಸಿಲಿಕೋಸಿಸ್ ಎಂಬ ರೋಗವನ್ನು ತರುತ್ತದೆ. ಸಾಮಾನ್ಯವಾಗಿ ವರ್ಷಗಳ ನಂತರ ಕಾಣಿಸಿಕೊಳ್ಳುವ ಈ ರೋಗ ವಾಸಿಯಾಗುವಂಥದಲ್ಲ. ಕ್ಷಯಕ್ಕೂ ದಾರಿ ಮಾಡಿಕೊಡುತ್ತದೆ, ಅನೇಕ ವೇಳೆ ಕ್ಷಯವೆಂದೇ ತಪ್ಪಾಗಿ ಎಣಿಸಲ್ಪಡುತ್ತದೆ. ಕತ್ತರಿಸುವ ಚಕ್ರಕ್ಕೆ ನೀರು ಹಾಯಿಸಿದರೆ ಧೂಳು ಬಹುಮಟ್ಟಿಗೆ ಅಡಗುತ್ತದೆ. ಹಸಿ ಸಿಮೆಂಟು ಚರ್ಮವನ್ನು ಸುಡುತ್ತದೆ. ಒಳ್ಳೆಯ ಕೈಗವಸು ಅದನ್ನು ತಡೆಯುತ್ತದೆ. ಇನ್ನು ಕ್ಯೂರಿಂಗಿಗೆಂದು ನಿಲ್ಲಿಸಿದ ನೀರಿನಲ್ಲಿ ಮಲೇರಿಯಾ, ಡೆಂಗ್ಯೂ ಹರಡುವ ಸೊಳ್ಳೆಗಳು ಹುಟ್ಟುತ್ತವೆ. ಅವು ಕಾರ್ಮಿಕರ ಗುಡಿಸಲಿಗೂ ಪಕ್ಕದ ಕಟ್ಟಡದ ನಮ್ಮ ಮಕ್ಕಳ ಕೋಣೆಗೂ ಭೇದವೆಣಿಸುವುದಿಲ್ಲ.

ಕಾನೂನು ಇಲ್ಲವೆಂದಲ್ಲ. ಗುತ್ತಿಗೆದಾರನ ಆಳಿಗೆ ಅಪಘಾತವಾದರೆ ಪರಿಹಾರದ ಹೊಣೆ ಕೆಲಸ ವಹಿಸಿದ ಮೂಲ ಮಾಲೀಕನಿಗೂ ಇದೆ ಎಂಬ ತತ್ತ್ವವನ್ನು 1923ರ ಪರಿಹಾರ ಕಾಯಿದೆಯೇ ಸಾರಿತ್ತು. ಗುತ್ತಿಗೆದಾರನು ಕೂಲಿ ಕೊಡದಿದ್ದರೆ ಮೂಲ ಮಾಲೀಕನು ಕೊಡಬೇಕೆಂದು 1970ರ ಗುತ್ತಿಗೆ ಕಾರ್ಮಿಕ ಕಾಯಿದೆ ಹೇಳಿತು. ಕಟ್ಟಡ ಕಾರ್ಮಿಕರಿಗೆಂದೇ 1996ರಲ್ಲಿ ಕಾಯಿದೆ ಬಂದಿತು. ಸುರಕ್ಷತೆ ಹಾಗೂ ಗುತ್ತಿಗೆ ಕಾರ್ಮಿಕರ ವಿಷಯಗಳು ಈಗ 2020ರ ವೃತ್ತಿ ಸುರಕ್ಷತೆ ಮತ್ತು ಆರೋಗ್ಯ ಸಂಹಿತೆಯಲ್ಲಿ ಅಡಕವಾಗಿವೆ; ಅದು 2025ರ ನವೆಂಬರ್ 21ರಂದು ಜಾರಿಗೆ ಬಂದಿತು. ಆದರೆ 1970ರ ಕೇಂದ್ರ ಕಾಯಿದೆ 20 ಮಂದಿ ಗುತ್ತಿಗೆ ಕಾರ್ಮಿಕರಿರುವಲ್ಲಿಗೆ ಅನ್ವಯಿಸುತ್ತಿದ್ದರೆ, ಹೊಸ ಸಂಹಿತೆಯ ಗುತ್ತಿಗೆ ಕಾರ್ಮಿಕರ ಅಧ್ಯಾಯಕ್ಕೆ 50 ಮಂದಿ ಬೇಕು. ಕೆಲಸವನ್ನು ಚೂರುಚೂರಾಗಿ ಹಂಚುವ ಈ ವ್ಯವಹಾರದಲ್ಲಿ ಮೂವತ್ತು ಜನರ ಮುಕಾದಮನು ಪರವಾನಗಿಯ ಗೊಡವೆಯಿಲ್ಲದೆ ನುಸುಳಿಕೊಳ್ಳಬಲ್ಲನು. ಕಾನೂನು ಕೈಚಾಚಲಾರದ ಈ ಎಡೆಯಲ್ಲಿ ವ್ಯಾಪಾರಧರ್ಮವೇ ಕಾಯಬೇಕು.

ಅದಕ್ಕೆ ದಾರಿಯಿದೆ. ಹಣ ಹರಿಯುವ ಕಾಲುವೆಯಲ್ಲೇ ಹೊಣೆಯೂ ಹರಿಯುವಂತೆ ಮಾಡಬೇಕು. 2016ರ ರೇರಾ ಕಾಯಿದೆಯ ಮೇರೆಗೆ ಖರೀದಿದಾರರಿಂದ ಬಂದ ಹಣದಲ್ಲಿ ಶೇಕಡಾ 70ನ್ನು ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿ ಇಡಬೇಕು. ಎಂಜಿನಿಯರ್, ವಾಸ್ತುಶಿಲ್ಪಿ, ಲೆಕ್ಕಪರಿಶೋಧಕ ಈ ಮೂವರೂ ಪ್ರಮಾಣೀಕರಿಸಿದ ಮೇಲೆಯೇ ಅದನ್ನು ತೆಗೆಯಬಹುದು. ನಮ್ಮ ಗೃಹಸಾಲವೂ ಎಷ್ಟು ಸ್ಲ್ಯಾಬು ಬಿದ್ದಿದೆ ಎಂಬ ಪತ್ರ ನೋಡಿಕೊಂಡೇ ಕಂತು ಕಂತಾಗಿ ಬಿಡುಗಡೆಯಾಗುತ್ತದೆ. ಬ್ಯಾಂಕಿನ ಮೇಜಿನ ಮೇಲೆ ಬರುವ ಆ ಪತ್ರಗಳಲ್ಲಿ ಮಹಡಿಗಳ ಲೆಕ್ಕವಿರುತ್ತದೆ, ಮನುಷ್ಯರ ಲೆಕ್ಕವಿರುವುದಿಲ್ಲ. ಸುರಕ್ಷತಾ ತಪಾಸಣೆಯಾಗಿದೆ, ಕೂಲಿ ಬಾಕಿಯಿಲ್ಲ, ಅಪಘಾತಗಳ ವಿವರ ಇಂತಿದೆ ಎಂಬ ಇನ್ನೊಂದು ಪತ್ರವನ್ನು ಬ್ಯಾಂಕುಗಳು ಏಕೆ ಕೇಳಬಾರದು? ತಡೆಹಿಡಿದ ಒಂದು ಕಂತು ನೂರು ಸುತ್ತೋಲೆಗಳಿಗಿಂತ ಬೇಗ ಬಲೆ ಕಟ್ಟಿಸೀತು.

ಬಿಲ್ಡರರು ಮಾಡಬೇಕಾದುದೂ ಕಷ್ಟದ್ದಲ್ಲ. ಟೆಂಡರಿನಲ್ಲಿ ಸುರಕ್ಷತೆಯ ವೆಚ್ಚವನ್ನು ಪ್ರತ್ಯೇಕ ಬಾಬತ್ತಾಗಿ ತೋರಿಸಿ, ಅದರ ಮೇಲೆ ಚೌಕಾಸಿ ಇಲ್ಲವೆಂದು ಸಾರಲಿ. ತಮ್ಮ ಅರಿವಿಲ್ಲದೆ ಗುತ್ತಿಗೆಯನ್ನು ಮತ್ತೊಬ್ಬನಿಗೆ ವರ್ಗಾಯಿಸುವುದನ್ನು ನಿಷೇಧಿಸಲಿ. ಷೇರುಪೇಟೆಯಲ್ಲಿರುವ ಅತಿ ದೊಡ್ಡ ಸಾವಿರ ಕಂಪನಿಗಳು 2022-23ರಿಂದ ತಮ್ಮಲ್ಲಾದ ಅಪಘಾತ, ಸಾವುಗಳ ವಿವರವನ್ನು ಸೆಬಿಯ ನಿಯಮದಂತೆ ಪ್ರಕಟಿಸಬೇಕಾಗಿದೆ. ಆ ಪಟ್ಟಿಗೆ ಸೇರದ ಬಿಲ್ಡರರೂ ಸ್ವಇಚ್ಛೆಯಿಂದ ಪ್ರಕಟಿಸಿದರೆ ಅವರ ಪ್ರತಿಷ್ಠೆ ಕುಗ್ಗದು, ಹೆಚ್ಚೀತು.

ಇದರಿಂದ ಮನೆಯ ಬೆಲೆ ಏರುವುದಿಲ್ಲವೇ ಎಂದು ಮಧ್ಯಮ ವರ್ಗದ ಖರೀದಿದಾರ ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ತುಸು ಏರೀತು. ಆದರೆ ಅಪಘಾತವಾದ ಸ್ಥಳದಲ್ಲಿ ಕೆಲಸ ನಿಲ್ಲುತ್ತದೆ, ವಿಚಾರಣೆ ನಡೆಯುತ್ತದೆ, ಸಾಲದ ಬಡ್ಡಿಗೆ ಮಾತ್ರ ರಜೆಯಿರುವುದಿಲ್ಲ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ನಮ್ಮ ಲೆಕ್ಕಪುಸ್ತಕದಿಂದ ಹೊರಗಿಟ್ಟ ವೆಚ್ಚ ಮಾಯವಾಗುವುದಿಲ್ಲ. ಅದು ಯಾವುದೋ ಹಳ್ಳಿಯ ವಿಧವೆಯೊಬ್ಬಳ ಖಾತೆಗೆ ಖರ್ಚು ಬೀಳುತ್ತದೆ.

ಆ ಹಳ್ಳಿ ಕಲಬುರಗಿಯಲ್ಲೋ ಯಾದಗಿರಿಯಲ್ಲೋ ಇದ್ದೀತು. ಬರ ಬಿದ್ದಾಗ ಆ ಸೀಮೆಯಿಂದ ಮುಂಬಯಿ, ಪುಣೆಗಳ ಕಟ್ಟಡಗಳಿಗೆ ದುಡಿಯಲು ಬರುವವರು ನಮ್ಮ ನುಡಿಯವರೇ. ಬೆಳಿಗ್ಗೆ ನಾಕಾದಲ್ಲಿ ಬುತ್ತಿಗಂಟು ಹಿಡಿದು ನಿಂತವರ ನಡುವೆ ಕಿವಿಗೊಟ್ಟರೆ ಆ ಕನ್ನಡ ಕೇಳಿಸುತ್ತದೆ. ಕಾಯಕವನ್ನು ಪೂಜೆಯೆಂದು ಭಾವಿಸಿದ ನಾಡಿನವರು ನಾವು; ನಮ್ಮ ಸಂಘದ ಕನ್ನಡ ಸೇವೆ ಅವರನ್ನು ಬಿಟ್ಟು ಇರಬಾರದು. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ, 18ರಿಂದ 60 ವಯಸ್ಸಿನೊಳಗಿನ ಕಾರ್ಮಿಕನು ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. ಆ ಅರ್ಜಿ ತುಂಬಿಕೊಡಲು ಬೇಕಾದ ಅಕ್ಷರವಂತರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಸಂಘದ ವೈದ್ಯಮಿತ್ರರು ವರ್ಷಕ್ಕೊಂದು ಶಿಬಿರವನ್ನು ಕಾರ್ಮಿಕರ ವಸತಿಯ ಬಳಿ ನಡೆಸಿ ಅವರ ಶ್ವಾಸಕೋಶ ಪರೀಕ್ಷಿಸಲಿ. ಈ ವರ್ಷ ಮನೆ ಕೊಳ್ಳಲಿರುವ ಸದಸ್ಯರು ಮಾದರಿ ಮನೆಯನ್ನು ನೋಡಿ ಹಿಂದಿರುಗುವ ಮುನ್ನ, ಕೆಲಸ ನಡೆಯುತ್ತಿರುವ ಮಹಡಿಯ ಅಂಚಿನಲ್ಲಿ ಬಲೆ ಇದೆಯೇ ಎಂದು ತಲೆಯೆತ್ತಿ ನೋಡಲಿ. ಇಲ್ಲವಾದರೆ ಏಕಿಲ್ಲ ಎಂದು ಬಾಯಿಬಿಟ್ಟು ಕೇಳಲಿ.