ಹರಾಜಿನ ಕಟ್ಟೆ ಮತ್ತು ಮೇಡ್ಲೇರಿಯ ಕಟ್ಟೆ

ಕಾರ್ಯನಿಮಿತ್ತವಾಗಿ ನಾವು ಈಚೆಗೆ ರಾಣಿಬೆನ್ನೂರು ತಾಲೂಕಿನ ಮೇಡ್ಲೇರಿಗೆ ಹೋಗಿದ್ದಾಗ, ಬಸ್ಸಿನ ದಾರಿ ಕಾಯುತ್ತ ಚಹಾದಂಗಡಿಯೊಂದರ ಕಟ್ಟೆಯ ಮೇಲೆ ಒಂದು ತಾಸು ಕೂಡ್ರುವ ಪ್ರಸಂಗ ಬಂದಿತು. ಗೋವಿನಜೋಳದ ದರ, ಮಳೆಯ ಹದ, ಪಂಚಾಯತಿಯ ರಾಜಕಾರಣ, ಇವುಗಳಲ್ಲಿ ಯಾವುದಾದರೊಂದು ಮಾತು ಕಿವಿಗೆ ಬೀಳಬಹುದೆಂದು ನಾವೆಣಿಸಿದ್ದೆವು. ಹಾಗಾಗಲಿಲ್ಲ. ಅಲ್ಲಿ ನೆರೆದ ಹತ್ತು ಹನ್ನೆರಡು ಜನರು, ಬೆಂಗಳೂರು ಬುಲ್ಸ್ ಎಂಬ ಕಬಡ್ಡಿ ತಂಡವು ಬರುವ ಹರಾಜಿನಲ್ಲಿ ಯಾರನ್ನು ಕೊಳ್ಳಬೇಕೆಂಬುದನ್ನು ಕುರಿತು, ತಮ್ಮದೇ ಹೊಲ ಮಾರಾಟಕ್ಕೆ ಬಂದಿದೆಯೋ ಎಂಬಷ್ಟು ಆವೇಶದಿಂದ ವಾದಿಸಹತ್ತಿದ್ದರು.

ವಯಸ್ಸಾದವರೊಬ್ಬರ ಮತವು ಹೀಗಿತ್ತು: “ಹೆಸರಾದ ಒಬ್ಬನ್ನ ತರ್ಲಿ. ಹೆಸರ ಕೇಳಿದ್ರ ಎದುರಿನವ್ರು ನಡಗಬೇಕು.” ಅವರ ಎದುರಿಗೆ ಕುಳಿತ ತರುಣನು ಒಪ್ಪಲಿಲ್ಲ. “ಹೆಸರು ರೇಡ್ ಮಾಡಂಗಿಲ್ಲ ಕಾಕಾ, ಕಾಲು ಮಾಡ್ತಾವು. ಇಪ್ಪತ್ತರ ಒಳಗಿನ ಹುಡುಗರನ್ನ ತರ್ಲಿ, ಎರಡು ವರ್ಷ ಸೋತರೂ ಅಡ್ಡಿಯಿಲ್ಲ” ಎಂದನು. ವಾದವು ಬಹಳ ಹೊತ್ತು ನಡೆಯಿತು. ಇಬ್ಬರೂ ಅಂಕಿಗಳನ್ನು ಬಾಯಿಪಾಠದಂತೆ ಒಪ್ಪಿಸುತ್ತಿದ್ದರು. ನಮ್ಮ ಶಾಸನಸಭೆಯಲ್ಲಿ ಆಯವ್ಯಯದ ಚರ್ಚೆ ಇಷ್ಟು ಸಿದ್ಧತೆಯಿಂದ ನಡೆದರೆ ನಾಡಿಗೆ ಲೇಸಾದೀತೆಂದು ನಮಗೆ ಒಂದು ಗಳಿಗೆ ಅನಿಸದೆ ಇರಲಿಲ್ಲ.

ಈ ಆಟದ ವ್ಯವಸ್ಥೆಯನ್ನು ಅರಿಯದ ವಾಚಕರಿಗಾಗಿ ಎರಡು ಮಾತು. ಪ್ರೊ ಕಬಡ್ಡಿ ಎಂಬ ಪಂದ್ಯಸರಣಿಯು 2014ರಲ್ಲಿ ಎಂಟು ತಂಡಗಳಿಂದ ಆರಂಭವಾಗಿ, 2017ರಲ್ಲಿ ಹನ್ನೆರಡು ತಂಡಗಳಿಗೆ ಬೆಳೆಯಿತು. ಆಟಗಾರರನ್ನು ತಂಡದ ಒಡೆಯರು ಹರಾಜಿನಲ್ಲಿ ಕೊಳ್ಳುತ್ತಾರೆ. ಹರಾಜಿನ ಹೊರಗೆ ‘ಹೊಸ ತರುಣ ಆಟಗಾರರು’ ಎಂಬ ವರ್ಗವೊಂದಿದ್ದು, ಆ ವರ್ಗದಲ್ಲಿ ತಂಡಗಳು ಕೆಲವು ಹುಡುಗರನ್ನು ಅಲ್ಪ ವೇತನಕ್ಕೆ ನೇರವಾಗಿ ಸೇರಿಸಿಕೊಳ್ಳಬಹುದು. ಮೇಡ್ಲೇರಿಯ ತರುಣನ ವಾದಕ್ಕೆ ಆಧಾರವಾದದ್ದು ಈ ಎರಡನೆಯ ಬಾಗಿಲು.

ಆ ವಾದದಲ್ಲಿ ಹುರುಳಿದೆಯೇ ಎಂದು ನೋಡಹೋದರೆ, ಬೆಂಗಳೂರು ತಂಡದ ಇತಿಹಾಸವೇ ಸಾಕ್ಷಿ ನುಡಿಯುತ್ತದೆ. ಹರಿಯಾಣದ ಸೋನೀಪತ್ ಜಿಲ್ಲೆಯ ರಿಂಢಾನಾ ಎಂಬ ಹಳ್ಳಿಯ ಪ್ರದೀಪ್ ನರ್ವಾಲ್ 2015ರಲ್ಲಿ ಮೊದಲು ಬಂದು ಸೇರಿದ್ದು ಈ ತಂಡವನ್ನೇ. ಹದಿಹರೆಯದ ಹುಡುಗ, ಕೆಲವೇ ಪಂದ್ಯಗಳಲ್ಲಿ ಅವನನ್ನು ಇಳಿಸಿದರು, ಆಮೇಲೆ ಹೋಗಗೊಟ್ಟರು. ಪಾಟ್ನಾ ತಂಡವು ಅವನನ್ನು ಕರೆದುಕೊಂಡಿತು. ಅವನೊಡನೆ ಆ ತಂಡವು ಒಂದರ ಬೆನ್ನಿಗೊಂದರಂತೆ ಮೂರು ಸಲ ಕಿರೀಟ ಧರಿಸಿತು. 2017ರ ಒಂದೇ ಸರಣಿಯಲ್ಲಿ ಅವನು ದಾಳಿಯಿಂದ ಗಳಿಸಿದ ಅಂಕಗಳು 369. ಮುಂದೆ 2021ರಲ್ಲಿ ಉತ್ತರಪ್ರದೇಶದ ತಂಡವು ಅವನಿಗೆ 1.65 ಕೋಟಿ ರೂಪಾಯಿ ಕೊಟ್ಟಿತು. ಕಾಲಿನ ಚುರುಕು ಕುಂದಿದ ಮೇಲೆ, 2024ರ ಹರಾಜಿನಲ್ಲಿ, ಬೆಂಗಳೂರಿನವರು 70 ಲಕ್ಷ ಕೊಟ್ಟು ಅವನನ್ನು ಮರಳಿ ತಂದು ನಾಯಕನನ್ನಾಗಿ ಮಾಡಿದರು. ಆ ವರ್ಷ ಆಡಿದ 22 ಪಂದ್ಯಗಳಲ್ಲಿ ತಂಡವು ಗೆದ್ದದ್ದು ಎರಡು. ಸ್ಥಾನವು ಹನ್ನೆರಡರಲ್ಲಿ ಹನ್ನೆರಡನೆಯದು. ಮರುವರ್ಷದ ಹರಾಜಿನಲ್ಲಿ ಪ್ರದೀಪನನ್ನು ಯಾರೂ ಕೇಳಲಿಲ್ಲ. ಅವನು ಆಟದಿಂದ ನಿವೃತ್ತನಾದನು. ಅಂಥ ಮಹಾ ಆಟಗಾರನ ಕೊನೆಯ ದಿನಗಳ ಬಗ್ಗೆ ಹಗುರಾಗಿ ಮಾತನಾಡುವುದು ನಮ್ಮ ಉದ್ದೇಶವಲ್ಲ. ಹುಡುಗನಾಗಿದ್ದಾಗ ಕೈಬಿಟ್ಟು ಹೆಸರಾದ ಮೇಲೆ ಬೆಲೆ ತೆರುವ ರೂಢಿಯು ಯಾರಿಗೂ ಲಾಭದಾಯಕವಲ್ಲವೆಂದಷ್ಟೇ ನಮ್ಮ ಅಭಿಪ್ರಾಯ.

ಇನ್ನೊಂದು ಸಂಗತಿಯು ಇದಕ್ಕಿಂತ ಹೆಚ್ಚಾಗಿ ನಮ್ಮ ಮನಸ್ಸನ್ನು ಕಲಕುತ್ತದೆ. ಅದೇ 2024ರಲ್ಲಿ ಉತ್ತರಪ್ರದೇಶದ ತಂಡವು ಪ್ರದೀಪನನ್ನು ಬಿಟ್ಟುಕೊಟ್ಟು, ಬೆಂಗಳೂರಿನಲ್ಲಿ ತರುಣನಾಗಿ ಬೆಳೆದ ಭರತ್ ಎಂಬ ಆಟಗಾರನನ್ನು 1.30 ಕೋಟಿಗೆ ಕೊಂಡಿತು. ಅಷ್ಟೇ ಅಲ್ಲ. ಆ ವರ್ಷ ಉಪಾಂತ್ಯದವರೆಗೆ ಹೋದ ಆ ತಂಡದಲ್ಲಿ ದಾಳಿಗೆ ಇಳಿದು ಚಪ್ಪಾಳೆ ಗಿಟ್ಟಿಸಿದ ತರುಣರಲ್ಲಿ ಗಗನ್ ಗೌಡ ಎಂಬವನೊಬ್ಬನು. ಅವನು ನಮ್ಮ ಕರ್ನಾಟಕದ ಹುಡುಗ! ಗಂಗೆ ಯಮುನೆಗಳ ನಾಡಿನವರ ಕಣ್ಣಿಗೆ ಬಿದ್ದ ಕನ್ನಡದ ಹುಡುಗನು ಬೆಂಗಳೂರಿನವರ ಕಣ್ಣಿಗೆ ಮೊದಲು ಏಕೆ ಬೀಳಲಿಲ್ಲ? ಹರಾಜಿನಲ್ಲಿ ಯಾರನ್ನು ಕೊಳ್ಳಬೇಕೆಂಬ ಪ್ರಶ್ನೆಯನ್ನು ಚರ್ಚಿಸುವ ನಮ್ಮ ಸಾವಿರಾರು ಅಭಿಮಾನಿಗಳು ಈ ಪ್ರಶ್ನೆಯನ್ನು ಕೇಳಿದ್ದನ್ನು ನಾವು ಕಂಡಿಲ್ಲ.

ಇದನ್ನು ಪ್ರಾಂತಾಭಿಮಾನದ ಕೂಗೆಂದು ತಿಳಿಯುವವರಿಗೆ ನಮ್ಮದೊಂದು ನಿವೇದನೆಯುಂಟು. 2019ರ ಜನವರಿ 5ರಂದು ಮುಂಬಯಿಯಲ್ಲಿ ಗುಜರಾತ ತಂಡವನ್ನು 38–33ರಿಂದ ಸೋಲಿಸಿ ಬೆಂಗಳೂರು ತಂಡವು ತನ್ನ ಮೊದಲ ಕಿರೀಟವನ್ನು ಪಡೆದಾಗ, ಒಬ್ಬನೇ 22 ಅಂಕ ತಂದವನು ದಿಲ್ಲಿಯ ಕಡೆಯ ಪವನ್ ಸೆಹ್ರಾವತ್. ಕನ್ನಡಿಗರು ಅವನನ್ನು ಮನೆಯ ಮಗನಂತೆ ಹೊತ್ತು ಮೆರೆಸಿದರು. ಅದು ಯೋಗ್ಯವೇ ಆಗಿತ್ತು. ಆಟದ ಕಣದಲ್ಲಿ ಭಾಷೆಯ ತೆರಿಗೆ ಹಾಕಬೇಕೆಂದು ನಾವು ಹೇಳುವುದಿಲ್ಲ. ಇಂತಿಷ್ಟು ಕನ್ನಡಿಗರಿರಲೇಬೇಕೆಂಬ ಮೀಸಲಾತಿಯನ್ನೂ ಕೇಳುವುದಿಲ್ಲ. ಸೋಲುವ ಕನ್ನಡಿಗನಿಂದ ಕನ್ನಡಕ್ಕೆ ಕೀರ್ತಿ ಬಾರದು. ಆದರೆ ಊರಿನ ಹೆಸರನ್ನಿಟ್ಟುಕೊಂಡ ತಂಡಕ್ಕೆ ಊರಿನ ಋಣವೂ ಇರುತ್ತದಷ್ಟೆ. 2017ರಲ್ಲಿ ಈ ತಂಡವು ತನ್ನ ‘ತವರಿನ’ ಪಂದ್ಯಗಳನ್ನು ಆಡಿದ್ದು ನಾಗಪುರದಲ್ಲಿ ಎಂಬುದನ್ನು ವಾಚಕರು ಮರೆತಿರಲಾರರು. ಬೆಂಗಳೂರಿನ ಕಂಠೀರವ ಕ್ರೀಡಾಂಗಣ ದೊರೆಯದ್ದರಿಂದ ಹಾಗಾಯಿತೆಂಬುದು ನಿಜ. ಬೆಂಗಳೂರು ದೊರೆಯದಿದ್ದರೆ ಹುಬ್ಬಳ್ಳಿಯಿಲ್ಲವೇ, ಬೆಳಗಾವಿಯಿಲ್ಲವೇ, ಮಂಗಳೂರಿಲ್ಲವೇ ಎಂದು ನಾವು ಕೇಳಿದರೆ ಅದು ಅತಿಯಾಸೆಯೇ?

ನಾಡಿನಲ್ಲಿ ಆಟ ಬಲ್ಲವರಿಲ್ಲವೆಂಬ ಮಾತೂ ನಿಲ್ಲುವಂಥದಲ್ಲ. ಹೆಂಗಸರ ಕಬಡ್ಡಿಯಲ್ಲಿ ತೇಜಸ್ವಿನಿ ಬಾಯಿ, ಕರಾವಳಿಯ ಮಮತಾ ಪೂಜಾರಿ ಇವರಿಬ್ಬರೂ ಅರ್ಜುನ ಪ್ರಶಸ್ತಿ ಪಡೆದವರು. 2017ರಲ್ಲಿ ಗುಜರಾತ ತಂಡದ ನಾಯಕನಾಗಿ ಅದನ್ನು ಅಂತಿಮ ಪಂದ್ಯಕ್ಕೆ ಒಯ್ದವರು ನಮ್ಮ ಸುಕೇಶ್ ಹೆಗ್ಡೆ. ಶಿಕ್ಷಕರಲ್ಲಿ ಬಿ.ಸಿ. ರಮೇಶರನ್ನು ನೋಡಿರಿ. 2018–19ರ ಬೆಂಗಳೂರಿನ ಗೆಲುವಿನಲ್ಲಿ ಅವರ ಪಾಲಿತ್ತು. ಆಮೇಲೆ 2019ರಲ್ಲಿ ಬಂಗಾಳದ ತಂಡಕ್ಕೆ, 2024ರಲ್ಲಿ ಪುಣೆಯ ತಂಡಕ್ಕೆ ಕಿರೀಟ ತೊಡಿಸಿದರು. ತಂಡವು ತಳ ಕಂಡ ಮೇಲೆ, 2025ರಲ್ಲಿ, ಬೆಂಗಳೂರು ಅವರನ್ನು ಮುಖ್ಯ ಶಿಕ್ಷಕರನ್ನಾಗಿ ಕರೆಯಿತು. ತಡವಾದರೂ ಆ ಆಯ್ಕೆಯನ್ನು ನಾವು ಸ್ವಾಗತಿಸುತ್ತೇವೆ.

ಮನೆಯ ಮಗನನ್ನು ಮನೆಯವರೇ ಕಾಣದಿರುವುದು ಕಬಡ್ಡಿಗೆ ಮಾತ್ರ ಸೀಮಿತವಾದ ದೋಷವಲ್ಲ. 2008ರಲ್ಲಿ ಐ.ಪಿ.ಎಲ್. ಕ್ರಿಕೆಟ್ ಆರಂಭವಾದಾಗ ಹತ್ತೊಂಬತ್ತರ ಒಳಗಿನ ಹುಡುಗರನ್ನು ಹರಾಜಿನಿಂದಲ್ಲ, ಸರದಿಯ ಆಯ್ಕೆಯಿಂದ ತಂಡಗಳಿಗೆ ಹಂಚಿದರು. ದಿಲ್ಲಿಯ ತಂಡವು ತನ್ನ ಊರಿನ ವಿರಾಟ್ ಕೊಹ್ಲಿಯನ್ನು ಬಿಟ್ಟು ಪ್ರದೀಪ್ ಸಾಂಗ್ವಾನ್ ಎಂಬ ಎಡಗೈ ಬೋಲರನನ್ನು ಆರಿಸಿತು. ಕೊಹ್ಲಿ ಬೆಂಗಳೂರಿನ ಪಾಲಾದನು. ಮುಂದಿನದು ಮೇಡ್ಲೇರಿಯ ಮಕ್ಕಳಿಗೂ ಗೊತ್ತಿದೆ. ಅಂದು ಬೆಂಗಳೂರಿನವರು ಗಳಿಸಿದ್ದನ್ನು ದಿಲ್ಲಿಯವರು ಕಳೆದುಕೊಂಡಂತೆ, ಕಬಡ್ಡಿಯಲ್ಲಿ ನಾವು ಕಳೆದುಕೊಳ್ಳಹತ್ತಿದ್ದೇವೆ.

ಸರದಿಯ ಆಯ್ಕೆಯನ್ನು ಡ್ರಾಫ್ಟ್ ಎಂಬ ಹೆಸರಿನಿಂದ ಒಂದು ಶಾಸ್ತ್ರದ ಮಟ್ಟಕ್ಕೆ ಏರಿಸಿದವರಲ್ಲಿ ಆಸ್ಟ್ರೇಲಿಯಾದವರು ಪ್ರಮುಖರು. ಅವರದೇ ಆದ ಒಂದು ಬಗೆಯ ಕಾಲ್ಚೆಂಡಾಟವುಂಟು. ಕೈಯಿಂದಲೂ ಆಡುವ, ಮೈಗೆ ಮೈ ತಾಗುವ ಗಂಡುಮೆಟ್ಟಿನ ಆಟ. ಅಲ್ಲಿ 1986ರಿಂದ ವರ್ಷಕ್ಕೊಮ್ಮೆ ಹದಿನೆಂಟರ ಆಸುಪಾಸಿನ ಹುಡುಗರ ಆಯ್ಕೆ ನಡೆಯುತ್ತ ಬಂದಿದೆ. ಹಣದ ಮಾತಿಲ್ಲ, ಹಿಂದಿನ ವರ್ಷ ಕೊನೆಗೆ ನಿಂತ ಸಂಘಕ್ಕೆ ಮೊದಲ ಆಯ್ಕೆಯ ಹಕ್ಕು. ಯಾವ ಹುಡುಗನು ಯಾರ ಪಾಲಾಗಬೇಕೆಂದು ಅಲ್ಲಿಯ ಅಭಿಮಾನಿಗಳು ನಮ್ಮ ಮೇಡ್ಲೇರಿಯವರಂತೆಯೇ ತಿಂಗಳುಗಟ್ಟಲೆ ಜಗಳವಾಡುತ್ತಾರಂತೆ. ಆದರೆ ನಾವು ಗಮನಿಸಬೇಕಾದದ್ದು ಆ ನಿಯಮಕ್ಕೆ ಅವರು ಇಟ್ಟಿರುವ ವಿನಾಯಿತಿಗಳನ್ನು. ಸಂಘವೊಂದರ ಪರವಾಗಿ ನೂರು ಪಂದ್ಯ ಆಡಿದವನ ಮಗನ ಮೇಲೆ ಆ ಸಂಘಕ್ಕೆ ವಿಶೇಷ ಹಕ್ಕುಂಟು. ಈ ಆಟವು ಆಳವಾಗಿ ಬೇರೂರದ ಸಿಡ್ನಿ, ಬ್ರಿಸ್ಬೇನ್ ಪ್ರಾಂತಗಳ ಸಂಘಗಳಾದರೋ 2010ರ ಹೊತ್ತಿಗೆ ತಮ್ಮ ಸೀಮೆಯ ಬಾಲಕರಿಗೆ ಶಿಕ್ಷಣಶಾಲೆಗಳನ್ನು ತೆರೆದವು. ಹಾಗೆ ತಾವೇ ಬೆಳೆಸಿದ ಹುಡುಗನನ್ನು ಬೇರೊಬ್ಬರು ಕೇಳಿದರೆ, ತಕ್ಕ ಬೆಲೆ ತೆತ್ತು ತಾವೇ ಉಳಿಸಿಕೊಳ್ಳಬಹುದು. ಸಿಡ್ನಿ ಸಂಘದ ಐಸಾಕ್ ಹೀನಿ ಎಂಬ ಶ್ರೇಷ್ಠ ಆಟಗಾರನು 2014ರಲ್ಲಿ ಬಂದದ್ದು ಈ ದಾರಿಯಿಂದ.

ಇದಕ್ಕೂ ಹಿಂದೆ, 1960ರ ದಶಕದ ಕೊನೆಯಿಂದ, ವಿಕ್ಟೋರಿಯಾ ಪ್ರಾಂತದಲ್ಲಿ ಒಂದೊಂದು ಸಂಘಕ್ಕೆ ಹಳ್ಳಿಗಾಡಿನ ಒಂದೊಂದು ಸೀಮೆಯನ್ನು ಹಚ್ಚಿಕೊಟ್ಟಿದ್ದರು. ಫಲವತ್ತಾದ ಸೀಮೆ ಸಿಕ್ಕವರು ಉದ್ಧಾರವಾದರು, ಬರಡು ಸೀಮೆ ಸಿಕ್ಕವರು ಕೊರಗಿದರು. ಆದಕಾರಣ ಆ ಪದ್ಧತಿ ಬಹುಕಾಲ ಉಳಿಯಲಿಲ್ಲ. ಅದನ್ನೇ ಇಲ್ಲಿ ತರಬೇಕೆಂದು ನಾವು ವಾದಿಸುವುದಿಲ್ಲ. ತನ್ನ ಸೀಮೆಯಲ್ಲಿ ಬೆವರು ಸುರಿಸಿದ ತಂಡಕ್ಕೆ ಆ ಸೀಮೆಯ ಹುಡುಗನ ಮೇಲೆ ಮೊದಲ ಹಕ್ಕು ಇರಬೇಕೆಂಬ ತತ್ವವು ಮಾತ್ರ ನ್ಯಾಯವಾದದ್ದು. ಪ್ರೊ ಕಬಡ್ಡಿಯ ಚಾಲಕರು ಅದನ್ನು ಅಂಗೀಕರಿಸಿದರೆ, ಹಳ್ಳಿಯ ಹುಡುಗನನ್ನು ಹುಡುಕುವುದರಲ್ಲಿ ತಂಡಗಳಿಗೂ ಸ್ವಾರ್ಥ ಹುಟ್ಟೀತು. ಸ್ವಾರ್ಥ ಹುಟ್ಟಿದಲ್ಲಿ ಕೆಲಸವು ತಾನಾಗಿ ನಡೆಯುತ್ತದೆ.

ಮೇಡ್ಲೇರಿಯ ಕಟ್ಟೆಯ ಮಾತನ್ನು ನಾವು ಪೂರ್ತಿ ಹೇಳಿಲ್ಲ. ವಾದ ನಡೆದಿದ್ದಾಗ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡ ಹತ್ತೊಂಬತ್ತು ವರ್ಷದ ಹುಡುಗನೊಬ್ಬನು ಕಂಬಕ್ಕೆ ಒರಗಿ ಸುಮ್ಮನೆ ಕೇಳುತ್ತಿದ್ದನು. “ಇವನೂ ಚಲೋ ರೇಡರ್ ಅದಾನ್ರೀ” ಎಂದು ಯಾರೋ ಅವನನ್ನು ನಮಗೆ ತೋರಿಸಿದರು. ಹೊರಗಿನವರು ಯಾರಾದರೂ ನಿನ್ನ ಆಟ ನೋಡಿರುವರೇನಪ್ಪಾ ಎಂದು ಕೇಳಿದೆವು. “ಜಾತ್ರಿಗೆ ಬಂದ ಮಂದಿ ನೋಡ್ತೈತ್ರಿ” ಎಂದನು. ಅದರಲ್ಲಿ ವ್ಯಂಗ್ಯವಿರಲಿಲ್ಲ, ಇದ್ದುದನ್ನು ಇದ್ದಂತೆ ಹೇಳಿದನು. ಆಯ್ಕೆಯ ಪರೀಕ್ಷೆಗಳಿಗೆ ಹೋಗಬಾರದೇ ಎಂದುದಕ್ಕೆ, ಒಮ್ಮೆ ಹೋಗಿದ್ದೆನೆಂದೂ, ಮಣ್ಣಿನಲ್ಲಿ ಆಡಿದ ಕಾಲು ಮ್ಯಾಟಿನ ಮೇಲೆ ಬೂಟು ಹಾಕಿ ನಿಲ್ಲಲಿಲ್ಲವೆಂದೂ, ಹತ್ತು ನಿಮಿಷದಲ್ಲಿ ಹೊರಗೆ ಕಳಿಸಿದರೆಂದೂ ಹೇಳಿದನು. ಬಿತ್ತನೆಯ ಕಾಲದಲ್ಲಿ ಎರಡನೆಯ ಸಲ ಹೋಗಲು ತಂದೆ ಒಪ್ಪಲಿಲ್ಲವಂತೆ. ತಂದೆಯನ್ನು ನಾವು ದೂರಲಾರೆವು. ಹರಿಯಾಣದಲ್ಲಿ ಪದಕ ತಂದವನಿಗೆ ಸರಕಾರವು ನೌಕರಿ ಕೊಡುತ್ತದೆ, ಹಣ ಕೊಡುತ್ತದೆ. ಅಲ್ಲಿಯ ತಂದೆಗೆ ಮಗನ ಆಟವೂ ಒಂದು ಬೆಳೆಯಾಗಿ ಕಾಣುತ್ತದೆ.

ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿ ಕೊಳ್ಳುವ ವ್ಯಾಪಾರಿಯು ಚೀಲಕ್ಕೆ ಕೈ ಹಾಕಿ ಬಣ್ಣ ನೋಡಿ, ಸುಕ್ಕು ನೋಡಿ, ಮುರಿದು ನೋಡಿ ಬೆಲೆ ಕಟ್ಟುತ್ತಾನೆ. ಕಳೆದ ವರ್ಷ ಆ ಹೊಲ ಹೇಗೆ ಬೆಳೆದಿತ್ತೆಂದು ಕೇಳಿ ಕೊಳ್ಳುವುದಿಲ್ಲ. ಒಂದು ಚೀಲ ಮೆಣಸಿನಕಾಯಿಗೆ ದೊರೆಯುವ ಪರೀಕ್ಷೆ ಈ ಹುಡುಗನಿಗೆ ದೊರೆಯದಿರುವುದು ನಮ್ಮೆಲ್ಲರ ದೋಷ. ಬೆಂಗಳೂರಿನ ಒಡೆಯರೊಬ್ಬರದೇ ಅಲ್ಲ.

ನಮ್ಮ ಊರುಗಳಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಗಳಿಗೆ ಕೊರತೆಯಿಲ್ಲ. ದಾನಿಗಳು ಆಳೆತ್ತರದ ಕಪ್ಪು ಕೊಡುತ್ತಾರೆ. ಮುಖಂಡರ ಚಿತ್ರಗಳ ಫಲಕ ಕಟ್ಟುತ್ತಾರೆ. ಉದ್ಘಾಟನೆಯ ಭಾಷಣಗಳು ಮುಗಿಯುವಾಗ ಆಟಗಾರರ ಮೈ ತಣ್ಣಗಾಗಿರುತ್ತದೆ. ಆದರೆ ಯಾವ ಹುಡುಗನು ಎಷ್ಟು ದಾಳಿ ಮಾಡಿದ, ಎಷ್ಟರಲ್ಲಿ ಅಂಕ ತಂದ, ಎಷ್ಟು ಸಲ ಹಿಡಿಯಲ್ಪಟ್ಟ, ಅವನ ವಯಸ್ಸೆಷ್ಟು, ತೂಕವೆಷ್ಟು ಎಂಬುದನ್ನು ಬರೆದಿಡುವವರಿಲ್ಲ. ಬೆಳಗಾದರೆ ಎಲ್ಲವೂ ಗಾಳಿಗೆ ಹೋಯಿತು. ಹೀಗಿರುವಾಗ ಬೆಂಗಳೂರಿನಿಂದ ಪರೀಕ್ಷಕನೊಬ್ಬನು ಬಂದನೆಂದೇ ಇಟ್ಟುಕೊಳ್ಳಿರಿ, ಅವನಿಗೆ ನಾವು ತೋರಿಸುವುದೇನನ್ನು? ಕ್ರೀಡಾ ಇಲಾಖೆಯ ಅಧಿಕಾರಿಗಳು ತಾಲೂಕು ದಸರಾ ಕ್ರೀಡಾಕೂಟದಿಂದಲೇ ಈ ಲೆಕ್ಕವನ್ನು ಇಡಿಸಬಹುದು. ಇದಕ್ಕೆ ಹೊಸ ಹಣ ಬೇಡ, ಒಬ್ಬ ಶಾಲಾ ಮಾಸ್ತರ ಮತ್ತು ಒಂದು ವಹಿ ಸಾಕು. ತಾಲೂಕಿಗೊಂದು ಮ್ಯಾಟನ್ನು ಒದಗಿಸಿ, ಅದನ್ನು ಸುತ್ತಿ ಉಗ್ರಾಣದಲ್ಲಿ ಇಡದೆ ವಾರಕ್ಕೆ ಎರಡು ಸಂಜೆಯಾದರೂ ಹಳ್ಳಿಯ ಹುಡುಗರಿಗೆ ಹಾಸಿಕೊಟ್ಟರೆ, ಬೂಟಿನ ಕಾಲು ನಿಲ್ಲುವುದನ್ನು ಕಲಿತೀತು. ದಾನಿಗಳಿಗೆ ನಮ್ಮ ಸೂಚನೆಯೆಂದರೆ, ಒಂದು ವರ್ಷ ಕಪ್ಪಿನ ಎತ್ತರವನ್ನು ಅರ್ಧಕ್ಕಿಳಿಸಿ, ಉಳಿದ ಹಣದಲ್ಲಿ ನಾಲ್ಕು ಜೊತೆ ಬೂಟು ಕೊಡಿಸಿರಿ.

ಬೆಂಗಳೂರು ತಂಡದ ಚಾಲಕರಿಂದ ನಾವು ಬಯಸುವುದೂ ದೊಡ್ಡದೇನಲ್ಲ. ವರ್ಷಕ್ಕೊಮ್ಮೆ, ಹರಾಜಿಗೆ ಮೂರು ತಿಂಗಳು ಮುಂಚೆ, ಅವರ ಶಿಕ್ಷಕರು ಹುಬ್ಬಳ್ಳಿಯಲ್ಲೋ ರಾಣಿಬೆನ್ನೂರಿನಲ್ಲೋ ಮೂರು ದಿನ ಇರಲಿ. ಹತ್ತು ನಿಮಿಷದಲ್ಲಿ ಹೊರಗಟ್ಟದೆ ಮೂರು ದಿನವೂ ನೋಡಲಿ. ನೋಡಿದ ಮೇಲೆ ಒಬ್ಬನೂ ಬೇಡವೆಂದರೆ ಹಾಗೆಂದೇ ಹೇಳಲಿ, ನಾವು ಮರುಮಾತಾಡುವುದಿಲ್ಲ.

ಈ ನಡುವೆ ಹಾವೇರಿ, ರಾಣಿಬೆನ್ನೂರು, ಬ್ಯಾಡಗಿ ತಾಲೂಕುಗಳಲ್ಲಿ ಪಂದ್ಯಾವಳಿ ನಡೆಸುವ ಮಂಡಳಿಗಳು ಮೇಲೆ ಹೇಳಿದ ರೀತಿಯ ಅಂಕಪಟ್ಟಿಯನ್ನು ಹಾಳೆಯ ಒಂದೇ ಮಗ್ಗುಲಲ್ಲಿ, ಓದಲು ಬರುವ ಅಕ್ಷರದಲ್ಲಿ ಬರೆದು ನಮಗೆ ಕಳಿಸಿದರೆ, ಸೋಮವಾರದ ಸಂಚಿಕೆಯಲ್ಲಿ ಅದಕ್ಕೆ ಸ್ಥಳ ಕೊಡುತ್ತೇವೆ. ಮುಖಂಡರ ಭಾಷಣದ ವರದಿಯನ್ನು ಜೊತೆಗೆ ಕಳಿಸುವ ಅವಶ್ಯಕತೆಯಿಲ್ಲ.