ಮಳಿಗೆ ಕಟ್ಟುವುದರಲ್ಲೇ ಸುಸ್ತಾದರೆ ತೋರಿಸುವುದು ಯಾವಾಗ?

ತಂತ್ರಜ್ಞಾನ ಮೇಳಗಳಲ್ಲಿ ಎರಡು ಬಗೆಯವರು ಮಳಿಗೆ ಹಾಕುತ್ತಾರೆ. ಕಂಪನಿಗಳಿಗೆ ಮಳಿಗೆ ಕಟ್ಟಲು ಗುತ್ತಿಗೆದಾರರು, ವೈರಿಂಗ್‌ಗೆ ಎಲೆಕ್ಟ್ರಿಷಿಯನ್, ಬಂದವರ ಜೊತೆ ಮಾತಾಡಲು ಬೇರೆಯದೇ ತಂಡ ಇರುತ್ತದೆ. ಮನೆಯ ಜಗಲಿಯಲ್ಲಿ, ಹಾಸ್ಟೆಲ್ ಕೋಣೆಯಲ್ಲಿ, ಪಂಪ್‌ಹೌಸಿನ ಮೂಲೆಯಲ್ಲಿ ಬಿಡುವಿದ್ದಾಗ ಯಂತ್ರ ಮಾಡುವ ಹವ್ಯಾಸಿಗೆ ಇವೆಲ್ಲವೂ ತಾನೇ. ಬೆಳಗಿನ ಜಾವ ಹೊರಟು, ಬ್ಯಾನರ್ ಕಟ್ಟಿ, ತಂತಿ ಎಳೆದು ಮುಗಿಸುವಷ್ಟರಲ್ಲಿ ಅವರ ಅರ್ಧ ಜೀವ ಹೋಗಿರುತ್ತದೆ. ಈ ಒದ್ದಾಟದ ಬಹುಪಾಲು ಹುಟ್ಟುವುದು ಮೇಳದ ವ್ಯವಸ್ಥೆಯಿಂದ. ಆದ್ದರಿಂದ ಅದನ್ನು ಇಳಿಸುವ ಹೊಣೆಯೂ ಮೇಳ ನಡೆಸುವವರದೇ ಎಂಬುದು ನನ್ನ ವಾದ.

ಕೆ.ಆರ್. ಪೇಟೆ ತಾಲ್ಲೂಕಿನ ಬೂಕನಕೆರೆಯಂಥ ಹೋಬಳಿ ಊರಿನ ಹುಡುಗಿಯೊಬ್ಬಳು ಪಂಪ್‌ಸೆಟ್ಟಿಗೆ ಸ್ಟಾರ್ಟರ್ ಮಾಡಿದ್ದಾಳೆ ಎಂದುಕೊಳ್ಳಿ. ತ್ರೀಫೇಸ್ ಕರೆಂಟ್ ಯಾವಾಗ ಬರುತ್ತದೋ ಎಂದು ರಾತ್ರಿಯೆಲ್ಲ ಕಿವಿಗೊಟ್ಟು ಮಲಗುವ ಮನೆಯಲ್ಲೇ ಇಂಥ ಯಂತ್ರ ಹುಟ್ಟಬೇಕು. ಮಣ್ಣಿನ ತೇವ ನೋಡಿ ಅದು ಮೋಟಾರ್ ಆನ್ ಮಾಡುತ್ತದೆ, ಒಂದು ಫೇಸ್ ಹೋದರೆ ನಿಲ್ಲಿಸುತ್ತದೆ, ಮೊಬೈಲಿಗೆ ಸಂದೇಶ ಕಳಿಸುತ್ತದೆ. ಕಬ್ಬಿನ ಗದ್ದೆಯಲ್ಲಿ ತಕರಾರಿಲ್ಲದೆ ನಡೆಯುವ ಅದಕ್ಕೆ ಮೇಳದಲ್ಲಿ ಸಿಗುವುದು ಒಂದು ಮೇಜು, ಎರಡು ಕುರ್ಚಿ, ಐದು ಆಂಪಿಯರಿನ ಒಂದು ಪ್ಲಗ್ಗು. ತ್ರೀಫೇಸ್ ಇಲ್ಲ, ಮೋಟಾರ್ ಇಲ್ಲ, ತೇವ ಅಳೆಯಲು ಮಣ್ಣೂ ಇಲ್ಲ. ಮೂರು ಫೇಸಿನ ಬದಲು ಮೂರು ಬಲ್ಬು, ಗದ್ದೆಯ ಬದಲು ಒಂದು ಹೂಕುಂಡ ಇಟ್ಟು ಅವಳು ವಿವರಿಸಬೇಕು. ಬಸ್ಸಿನ ಕುಲುಕಾಟಕ್ಕೆ ಒಂದು ಬೆಸುಗೆ ಬಿಟ್ಟುಹೋದರೂ ಆಯಿತು, ಅಲ್ಲಿ ಸೋಲ್ಡರಿಂಗ್ ಐರನ್ ಯಾರ ಬಳಿ ಕೇಳುವುದು? ಬಿಡಿಭಾಗ ಸುಟ್ಟರೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಓಡುವಷ್ಟು ಹೊತ್ತಾದರೂ ಎಲ್ಲಿದೆ?

ವೈಫೈ ಕಥೆ ಇನ್ನೂ ಕಷ್ಟದ್ದು. ಹವ್ಯಾಸಿಗಳು ಬಳಸುವ ಅಗ್ಗದ ವೈಫೈ ಬೋರ್ಡುಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ಆವರ್ತನದಲ್ಲಿ ಮಾತ್ರ ಕೆಲಸ ಮಾಡುತ್ತವೆ. ಅಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ ಮೂರು. ಬ್ಲೂಟೂತ್ ಕೂಡ ಅದೇ ದಾರಿಯಲ್ಲಿ ಓಡಾಡುತ್ತದೆ. ಸಭಾಂಗಣದಲ್ಲಿ ನೂರಾರು ಮೊಬೈಲ್ ತುಂಬಿಕೊಂಡಾಗ ಮನೆಯಲ್ಲಿ ಕ್ಷಣಾರ್ಧದಲ್ಲಿ ಹೋಗುತ್ತಿದ್ದ ಸಂದೇಶ ಹೋಗುವುದೇ ಇಲ್ಲ. ಇನ್‌ಫ್ರಾರೆಡ್ ಸೆನ್ಸರ್ ಬಳಸಿದವರಿಗೆ ಬಿಸಿಲು, ದೊಡ್ಡ ದೀಪಗಳ ಕಾಟ ಬೇರೆ. ಅದೇ ಹೊತ್ತಿಗೆ ತೀರ್ಪುಗಾರರು ಬರುತ್ತಾರೆ, ಎರಡು ನಿಮಿಷ ನಿಲ್ಲುತ್ತಾರೆ, ‘ಓಡುತ್ತಿಲ್ಲ’ ಎಂದು ಬರೆದುಕೊಂಡು ಮುಂದೆ ಹೋಗುತ್ತಾರೆ. ಸೋತದ್ದು ಸಭಾಂಗಣ, ಆದರೆ ತಲೆ ತಗ್ಗಿಸುವುದು ಹುಡುಗಿ.

ಕೃಷಿ ಮೇಳಗಳು ಈ ವಿಷಯದಲ್ಲಿ ನಮಗೆ ದಾರಿ ತೋರಿಸಿವೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಹೊಸ ತಳಿಯನ್ನು ಕುಂಡದಲ್ಲಿ ತಂದಿಟ್ಟು ರೈತರನ್ನು ನಂಬಿಸುವುದಿಲ್ಲ. ಮೇಳದ ಹೊತ್ತಿಗೆ ತೆನೆ ಬರುವಂತೆ ತಿಂಗಳುಗಳ ಮೊದಲೇ ಪ್ರಾತ್ಯಕ್ಷಿಕೆ ತಾಕುಗಳಲ್ಲಿ ಬಿತ್ತಿರುತ್ತಾರೆ. ಬೆಳೆಗೆ ಬೇಕಾದ ನೆಲವನ್ನು ಮೇಳವೇ ಸಿದ್ಧಮಾಡಬೇಕೆಂಬುದು ಅಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಯಂತ್ರದ ವಿಷಯಕ್ಕೆ ಬಂದಾಗ ಇದೇ ವಿವೇಕ ಯಾಕೆ ಬೇಡವಾಗುತ್ತದೆ?

ಹಣ ಹರಿಯುವ ದಾರಿ ನೋಡಿದರೂ ಇದೇ ಕೊರತೆ ಕಾಣುತ್ತದೆ. ಕೇಂದ್ರದ ಇನ್‌ಸ್ಪೈರ್ ಮಾನಕ್ ಯೋಜನೆಯಲ್ಲಿ ಆಯ್ಕೆಯಾದ ಶಾಲಾ ವಿದ್ಯಾರ್ಥಿಯ ಖಾತೆಗೆ 10,000 ರೂಪಾಯಿ ಬರುತ್ತದೆ. ಒಳ್ಳೆಯ ಯೋಜನೆ, ಹಳ್ಳಿ ಶಾಲೆಯ ಎಷ್ಟೋ ಮಕ್ಕಳು ಮೊದಲ ಬಾರಿ ಏನನ್ನಾದರೂ ಕೈಯಾರೆ ಕಟ್ಟುವುದು ಈ ದುಡ್ಡಿನಲ್ಲಿ. ಆದರೆ ಮಾದರಿ ಮಾಡುವುದು ಒಂದು ಕೆಲಸ, ಅದನ್ನು ಜನಜಂಗುಳಿಯ ನಡುವೆ ಕೆಡದಂತೆ ನಡೆಸಿ ತೋರಿಸುವುದು ಇನ್ನೊಂದು. ಎರಡನೆಯದಕ್ಕೆ ದುಡ್ಡಿಗಿಂತ ಹೆಚ್ಚಾಗಿ ಜಾಗ, ಸಮಯ, ಪಕ್ಕದಲ್ಲೊಬ್ಬ ಬಲ್ಲವರು ಬೇಕು. ಇನ್ನು 1998ರಲ್ಲಿ ‘ಬೆಂಗಳೂರು ಐಟಿ ಡಾಟ್ ಕಾಂ’ ಎಂದು ಶುರುವಾಗಿ ಬೆಂಗಳೂರು ಟೆಕ್ ಸಮ್ಮಿಟ್ ಆಗಿ ಬೆಳೆದು, 2025ರಲ್ಲಿ ತುಮಕೂರು ರಸ್ತೆಯ ಬಿಐಇಸಿ ವಸ್ತುಪ್ರದರ್ಶನ ಕೇಂದ್ರಕ್ಕೆ ಹೋದ ಮೇಳವಂತೂ ಉದ್ಯಮದ ಅಳತೆಯದು. ಬಿಡುವಿನ ವೇಳೆಯಲ್ಲಿ ಯಂತ್ರ ಮಾಡುವವರಿಗೆ ಆ ಅಳತೆ ಹೊಂದುವುದು ಕಷ್ಟ.

ಒತ್ತಡದಲ್ಲೇ ಕಲಿಯುವುದು, ಎಲ್ಲ ಕೈಗಿಟ್ಟರೆ ಹುಡುಗರು ಗಟ್ಟಿಯಾಗುವುದು ಹೇಗೆ ಎಂದು ಮೇಷ್ಟ್ರುಗಳು ಕೇಳುತ್ತಾರೆ. ಈ ಮಾತಿನಲ್ಲಿ ಸತ್ಯವಿದೆ. ಕಟುವಾದ ಪ್ರಶ್ನೆಗೆ ಉತ್ತರಿಸುವ ಒತ್ತಡ, ಕೆಟ್ಟ ಯಂತ್ರವನ್ನು ರಿಪೇರಿ ಮಾಡುವ ಒತ್ತಡ ಖಂಡಿತ ಕಲಿಸುತ್ತವೆ. ಆದರೆ ಊಟಕ್ಕೆ ಹೋಗಲು ಮಳಿಗೆ ಬಿಟ್ಟುಹೋಗುವ ಧೈರ್ಯವಿಲ್ಲದೆ ಸಂಜೆತನಕ ಹಸಿದು ನಿಂತವರು ಯಾವ ಎಂಜಿನಿಯರಿಂಗ್ ಕಲಿತರು? ಗಟ್ಟಿ ಯಂತ್ರ ಇದ್ದವರು ಹೇಗೂ ಗೆಲ್ಲುತ್ತಾರೆ ಎಂಬ ಮಾತೂ ಇದೆ. ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಹುಣಸೆಹಣ್ಣಿನ ಬೀಜ ಬೇರ್ಪಡಿಸುವ ಯಂತ್ರ ಮಾಡಿದವರು ಅವರು. ಆದರೆ ಅಂಥ ಯಂತ್ರದ ಬೆಲೆ ತಿಳಿಯುವುದು ರೈತರೆದುರು ಹಣ್ಣು ಹಾಕಿ ಬೀಜ ಹೊರಬಂದಾಗಲೇ. ಪೋಸ್ಟರ್ ಅಂಟಿಸಿ ಬಾಯಲ್ಲಿ ವರ್ಣಿಸಿದರೆ ಅದು ತಿಳಿಯುವುದಿಲ್ಲ.

ಇದಕ್ಕೆಲ್ಲ ಹಣ ಎಲ್ಲಿಂದ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ನೋಡುವುದಿಲ್ಲ. ಆದರೂ ಬ್ರಸೆಲ್ಸ್‌ನಲ್ಲಿ ವರ್ಷವರ್ಷ ಸ್ವಯಂಸೇವಕರೇ ನಡೆಸುವ ಫಾಸ್ಡೆಮ್ ಸಮ್ಮೇಳನದಲ್ಲಿ ಮುಕ್ತ ತಂತ್ರಾಂಶ ತಂಡಗಳಿಗೆ ಬಾಡಿಗೆಯಿಲ್ಲದೆ ಮೇಜು ಕೊಡುತ್ತಾರೆ, ನೋಡಲು ಬರುವವರಿಗೆ ಪ್ರವೇಶ ಶುಲ್ಕವೂ ಇಲ್ಲ. ಅದು ನಡೆಯುವುದು ವಿಶ್ವವಿದ್ಯಾಲಯದ ಆವರಣದಲ್ಲಿ. ನಮ್ಮಲ್ಲೂ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ ಜ್ಞಾನ-ವಿಜ್ಞಾನ-ತಂತ್ರಜ್ಞಾನ ಮೇಳ ನಡೆಯುತ್ತದೆ, ಪಕ್ಕದ ಬಿ.ಜಿ. ನಗರದಲ್ಲೇ ಎಂಜಿನಿಯರಿಂಗ್ ಕಾಲೇಜಿದೆ. ಕೆ.ಆರ್. ಪೇಟೆಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು, ಶ್ರೀರಂಗಪಟ್ಟಣ ತಾಲ್ಲೂಕಿನ ಬೆಳವಾಡಿಯಲ್ಲಿ ಇನ್ನೊಂದು ಕಾಲೇಜು. ಇಂಥ ಕಾಲೇಜುಗಳ ಲ್ಯಾಬುಗಳಲ್ಲಿ ಬೆಸುಗೆ ಹಾಕುವ ಮೇಜು, ಮೀಟರು, ತ್ರೀಫೇಸ್ ಸಂಪರ್ಕ, ಕೈಜೋಡಿಸಬಲ್ಲ ವಿದ್ಯಾರ್ಥಿಗಳು ಎಲ್ಲ ಉಂಟು. ಮೇಳದ ಹಿಂದಿನ ದಿನ ಒಂದು ಲ್ಯಾಬ್ ತೆರೆದಿಟ್ಟು ಹವ್ಯಾಸಿಗಳನ್ನು ಕರೆಸಲಿ, ಅಲ್ಲಿಯೇ ಯಂತ್ರ ನಡೆಸಿ ನೋಡಲಿ. ಮೇಳದ ದಿನ ರಿಪೇರಿಗೊಂದು ಮೇಜು, ನಾಲ್ಕು ಮಳಿಗೆಗೆ ಒಬ್ಬ ವಿದ್ಯಾರ್ಥಿ, ಪ್ರತಿ ಸಾಲಿಗೂ ಸರಿಯಾದ ಅರ್ಥಿಂಗ್ ಇರುವ ಪ್ಲಗ್ಗುಗಳು ಇರಲಿ. ಮಾರಾಟಕ್ಕೆ ಬರುವವರಿಂದ ಬಾಡಿಗೆ ತೆಗೆದುಕೊಳ್ಳಲಿ, ತೋರಿಸಲಷ್ಟೇ ಬಂದವರಿಂದ ಬೇಡ. ಮೊದಲ ಸುತ್ತಿನಲ್ಲಿ ನಿಂತುಹೋದ ಯಂತ್ರವನ್ನು ಮಧ್ಯಾಹ್ನ ಮತ್ತೊಮ್ಮೆ ನೋಡಲು ತೀರ್ಪುಗಾರರು ಬರಲಿ. ಇದಕ್ಕೆಂದು ಹೊಸ ಕಟ್ಟಡ ಕಟ್ಟಬೇಕಿಲ್ಲ, ಹಿಂದಿನ ದಿನ ಲ್ಯಾಬಿನ ಬೀಗ ತೆಗೆಸಲು ಪ್ರಾಂಶುಪಾಲರ ಒಂದು ಸಹಿ ಸಾಕು.