ಬದನೆಯ ಬಣ್ಣ ಮತ್ತು ಕಣ್ಣಿನ ಬೆಳಕು

ಹೊಸಪೇಟೆಯ ಕಾಯಿಪಲ್ಯದ ಮಾರುಕಟ್ಟೆಗೆ ಮುಂಜಾನೆ ಹೋದವರ ಕಣ್ಣನ್ನು ಮೊದಲು ಸೆಳೆಯುವುದು ಬದನೆಕಾಯಿಯ ರಾಶಿ. ಎಣ್ಣೆ ಸವರಿದಂತೆ ಮಿನುಗುವ ಆ ನೇರಳೆ ಬಣ್ಣಕ್ಕೆ ಮನಸೋಲದವರು ವಿರಳ. ಬದನೆಗೂ ಈ ಸೀಮೆಗೂ ಇರುವ ನಂಟು ಹಳೆಯದು. ಸುಮಾರು ೧೫೨೦ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಇಂದು ಹಂಪೆಯಾಗಿ ಉಳಿದಿರುವ ಆ ರಾಜಧಾನಿಗೆ ನಿಂಬೆ, ಕಿತ್ತಳೆಗಳೊಡನೆ ಕಾಡುಬದನೆಯೂ ಹೇರುಹೇರಾಗಿ ಬರುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಜೋಳದ ರೊಟ್ಟಿಯೂ ಎಣ್ಣೆಗಾಯಿಯೂ ಕೂಡಿದ ಊಟ ಇಂದಿಗೂ ನಮ್ಮ ಮನೆಗಳಲ್ಲಿ ಹಬ್ಬವೇ ಸರಿ.

ಇತ್ತೀಚೆಗೆ ಈ ಬಣ್ಣಕ್ಕೆ ಹೊಸದೊಂದು ಹಿರಿಮೆ ಬಂದಿದೆ. ನೇರಳೆ ಬಣ್ಣದ ತರಕಾರಿಯನ್ನು ತಿಂದರೆ ಕಣ್ಣು ಚುರುಕಾಗುವುದು, ಕನ್ನಡಕವನ್ನೇ ತೆಗೆದಿಡಬಹುದು ಎಂಬ ಮಾತು ಬಾಯಿಂದ ಬಾಯಿಗೆ, ಮೊಬೈಲಿನಿಂದ ಮೊಬೈಲಿಗೆ ಹಬ್ಬುತ್ತಿದೆ. ಕೇಳಿದ್ದನ್ನೆಲ್ಲ ನಂಬುವುದೂ ಸಲ್ಲದು, ಹಳಿಯುವುದೂ ಸಲ್ಲದು. ಒರೆಗೆ ಹಚ್ಚಿ ನೋಡುವುದೇ ವಿವೇಕ.

ಬದನೆಯ ಸಿಪ್ಪೆಗೆ, ನೇರಳೆಹಣ್ಣಿಗೆ, ಕೆಂಪು ಎಲೆಕೋಸಿಗೆ ಬಣ್ಣ ಕೊಡುವ ವಸ್ತುವಿನ ಹೆಸರು ಆಂಥೋಸಯನಿನ್. ಗ್ರೀಕ್ ಭಾಷೆಯ 'ಹೂವು' ಮತ್ತು 'ನೀಲಿ' ಎಂಬ ಪದಗಳಿಂದ ಈ ಹೆಸರು ಹುಟ್ಟಿತು. ಇದು ನೀರಿನಲ್ಲಿ ಕರಗುತ್ತದೆ. ಕೆಂಪು ಎಲೆಕೋಸನ್ನು ಕುದಿಸಿದ ನೀರಿಗೆ ನಿಂಬೆರಸ ಹಿಂಡಿದರೆ ಅದು ಕೆಂಪಾಗುತ್ತದೆ. ಅಡುಗೆ ಸೋಡ ಬೆರೆಸಿದರೆ ನೀಲಿಗೆ ತಿರುಗುತ್ತದೆ. ಈ ಪ್ರಯೋಗವನ್ನು ನೀವೇ ಮಾಡಿ ನೋಡಬಹುದು. ಜೀವಕೋಶಗಳಿಗೆ ಕೇಡು ಮಾಡುವ ಕೆಲವು ಕಣಗಳನ್ನು ಈ ವಸ್ತು ಪ್ರಯೋಗಶಾಲೆಯಲ್ಲಿ ತಡೆಯುವುದುಂಟು. ಆದರೆ ಪ್ರಯೋಗಶಾಲೆಯ ಗಾಜಿನ ಕೊಳವೆಯೇ ಬೇರೆ, ಮನುಷ್ಯನ ಕಣ್ಣೇ ಬೇರೆ. ೨೦೦೦ದಲ್ಲಿ ಅಮೆರಿಕದ ನೌಕಾಪಡೆಯ ಸಂಶೋಧಕರು ಈ ವರ್ಣದ್ರವ್ಯ ಹೇರಳವಾಗಿರುವ ಬಿಲ್ಬೆರಿ ಹಣ್ಣಿನ ಸಾರವನ್ನು ಆರೋಗ್ಯವಂತ ತರುಣರಿಗೆ ಕೊಟ್ಟು ಪರೀಕ್ಷಿಸಿದರು. ಅವರ ಇರುಳುನೋಟ ಹೆಚ್ಚಲಿಲ್ಲ.

ಇಲ್ಲಿ ನನ್ನ ಅನುಭವವೊಂದನ್ನು ಹೇಳಬೇಕು. ಮೂವತ್ತೈದು ವರ್ಷಗಳಿಗೂ ಹಿಂದಿನ ಮಾತು. ಆಗ ನಾನು ಕಂಪ್ಲಿಯ ಕಡೆಯ ಹಳ್ಳಿಯೊಂದರಲ್ಲಿ ಉಪಾಧ್ಯಾಯನಾಗಿದ್ದೆ. ಹಗಲಿನಲ್ಲಿ ಎಲ್ಲರಿಗಿಂತ ಮುಂದಿದ್ದ ಹುಡುಗನೊಬ್ಬ ಸಂಜೆಯ ಪಾಠಕ್ಕೆ ಮಾತ್ರ ತಪ್ಪಿಸಿಕೊಳ್ಳುತ್ತಿದ್ದ. ಸೋಮಾರಿಯೆಂದು ಬಗೆದು ಅವನನ್ನು ಎಲ್ಲರೆದುರು ಗದರಿದೆ. ಅಂದು ಮುಸ್ಸಂಜೆ, ಪುಟ್ಟ ತಂಗಿಯ ಕೈ ಹಿಡಿದು, ಕಾಲಿನಿಂದ ದಾರಿಯನ್ನು ತಡವುತ್ತ ನಡೆಯುತ್ತಿದ್ದ ಅವನನ್ನು ಕಂಡೆ. ಅವನಿಗಿದ್ದುದು ಸೋಮಾರಿತನವಲ್ಲ, ಇರುಳುಗಣ್ಣು! ಅವನ ಮನೆಯ ಹಿತ್ತಲಿನಲ್ಲಿ ನುಗ್ಗೆಯ ಮರವಿತ್ತು. ಕಾಯಿ ಸಂತೆಗೆ ಹೋಗುತ್ತಿತ್ತು. ಸೊಪ್ಪು ಆಡಿಗೆ ಮೇವಾಗುತ್ತಿತ್ತು. ವೈದ್ಯರು 'ಎ' ಜೀವಸತ್ವವನ್ನು ಕೊಟ್ಟರು. ಕೆಲವು ವಾರಗಳಲ್ಲಿ ಅವನು ಸಂಜೆಯ ಪಾಠಕ್ಕೆ ಒಬ್ಬನೇ ನಡೆದು ಬಂದ.

ಈ ಬದಲಾವಣೆಯ ಗುಟ್ಟೇನು? ನಮ್ಮ ಕಣ್ಣಿನ ಒಳಪರದೆಯಲ್ಲಿಯೂ ಒಂದು ನೇರಳೆಗೆಂಪು ಬಣ್ಣವಿದೆ. ಬೆಳಕು ಬಿದ್ದಾಗ ಅದು ಮಾಸುತ್ತದೆ, ಕತ್ತಲೆಯಲ್ಲಿ ಮರಳಿ ಕೂಡಿಕೊಳ್ಳುತ್ತದೆ ಎಂಬುದನ್ನು ೧೮೭೬ರಲ್ಲಿ ಫ್ರಾನ್ಸ್ ಬಾಲ್ ಎಂಬ ವಿಜ್ಞಾನಿ ಕಂಡುಕೊಂಡನು. ರೊಡಾಪ್ಸಿನ್ ಎಂಬ ಆ ಬಣ್ಣ ಸಿದ್ಧವಾಗಲು 'ಎ' ಜೀವಸತ್ವ ಬೇಕು. ಕಣ್ಣಿನ ಒಳಪರದೆಯಲ್ಲಿ ಈ ಜೀವಸತ್ವವನ್ನು ಗುರುತಿಸಿದ ಜಾರ್ಜ್ ವಾಲ್ಡ್ ೧೯೬೭ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲುಗಾರನಾದನು. ವಿಚಿತ್ರವೆಂದರೆ, ಕಣ್ಣಿನ ಈ ನೇರಳೆ ಬರುವುದು ಬದನೆಯ ನೇರಳೆಯಿಂದಲ್ಲ! ಹಾಲು, ಮೊಟ್ಟೆಗಳಲ್ಲಿ 'ಎ' ಜೀವಸತ್ವವೇ ಇದೆ. ಹಸಿರು ಸೊಪ್ಪು, ಗಜ್ಜರಿ, ಪರಂಗಿ, ಮಾವುಗಳಲ್ಲಿರುವ ಕ್ಯಾರೊಟಿನ್ ಎಂಬ ವಸ್ತುವನ್ನು ನಮ್ಮ ದೇಹ 'ಎ' ಜೀವಸತ್ವವಾಗಿ ಮಾರ್ಪಡಿಸಿಕೊಳ್ಳುತ್ತದೆ.

ಆದುದರಿಂದ ನನ್ನ ಅಭಿಪ್ರಾಯವಿಷ್ಟು. ಬದನೆಯನ್ನು ಸವಿಯಿರಿ; ಸಿಪ್ಪೆಯನ್ನು ಹೆರೆದು ಎಸೆಯಬೇಡಿರಿ. ಆದರೆ ಕಣ್ಣಿನ ಹೊಣೆಯನ್ನು ಅದಕ್ಕೊಂದಕ್ಕೇ ಹೊರಿಸಬೇಡಿರಿ. ಕಂಪ್ಲಿಯ ಗದ್ದೆಯ ಬದುವಿನಲ್ಲಿ ತಾನಾಗಿ ಬೆಳೆಯುವ ಹೊನಗೊನೆ, ಸಂಡೂರಿನ ಹಿತ್ತಲುಗಳ ನುಗ್ಗೆ, ಸಂತೆಯಲ್ಲಿ ಸಿಗುವ ಮೆಂತ್ಯ, ಹರಿವೆ ಇವು ಅಗ್ಗವೆಂಬ ಕಾರಣಕ್ಕೆ ಹಗುರವಾಗಬಾರದು. ಕ್ಯಾರೊಟಿನ್ ಮೈಗೂಡಲು ಜಿಡ್ಡು ಬೇಕಾದುದರಿಂದ ಸೊಪ್ಪಿನ ಪಲ್ಯಕ್ಕೆ ಎಣ್ಣೆಯ ಒಗ್ಗರಣೆ ಇರಲಿ. ಕನ್ನಡಕದ ಮಾತೇ ಬೇರೆ. ದೂರದ್ದು ಮಸುಕಾಗುವುದು ಸಾಮಾನ್ಯವಾಗಿ ಕಣ್ಣುಗುಡ್ಡೆಯ ಆಕಾರದಿಂದ. ಅದನ್ನು ಯಾವ ತರಕಾರಿಯೂ ತಿದ್ದಲಾರದು.

ಎಳೆಯ ಮಕ್ಕಳಿಗೆ 'ಎ' ಜೀವಸತ್ವದ ದ್ರವವನ್ನು ಕುಡಿಸುವ ಯೋಜನೆಯನ್ನು ನಮ್ಮ ದೇಶ ೧೯೭೦ರಲ್ಲಿಯೇ ಆರಂಭಿಸಿತು. ಐದು ವರ್ಷದವರೆಗಿನ ನಿಮ್ಮ ತಮ್ಮತಂಗಿಯರಿಗೆ ಅದು ತಪ್ಪದಂತೆ ನೋಡಿಕೊಳ್ಳಿರಿ. ಮುಸ್ಸಂಜೆಯಲ್ಲಿ ಎಡವುವ ಮಗುವನ್ನು ಕಂಡರೆ ನಗಬೇಡಿರಿ, ಗದರಬೇಡಿರಿ. ಕೈ ಹಿಡಿದು ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ಅಂದು ನಾನು ಮೊದಲು ಮಾಡಬೇಕಾಗಿದ್ದ ಕೆಲಸ ಅದೇ.